ಬೆಸೆದ ಸ್ಟೇನ್‌ಲೆಸ್ ಸ್ಟೀಲಿಗೆ ಮತ್ತೆ ಶಾಖ: ಯಾವಾಗ ಬೇಕು, ಯಾವಾಗ ಬೇಡ

ಕಾರ್ಬನ್ ಸ್ಟೀಲ್ ಪಾತ್ರೆಯ ಡ್ರಾಯಿಂಗಿನಲ್ಲಿ ‘ವೆಲ್ಡಿಂಗ್ ಮುಗಿದ ಮೇಲೆ 620 ಡಿಗ್ರಿಯಲ್ಲಿ ಸ್ಟ್ರೆಸ್ ರಿಲೀಫ್’ (ಬೆಸುಗೆಯಿಂದ ಒಳಗೆ ಉಳಿದ ಒತ್ತಡವನ್ನು ಬಿಸಿ ಮಾಡಿ ಕಳೆಯುವುದು) ಎಂಬ ಸಾಲಿದ್ದರೆ ಅದರಲ್ಲಿ ತಪ್ಪೇನಿಲ್ಲ. ಅದೇ ಸಾಲು ನಕಲಾಗಿ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಡ್ರಾಯಿಂಗಿಗೆ ಬಂದು ಕೂತಾಗ ಕೆಲಸ ಕೆಡುತ್ತದೆ. ಕುಲುಮೆಯ ಖರ್ಚು ಹೋಯಿತು, ಕಳೆಯಬೇಕಿದ್ದ ಒತ್ತಡದಲ್ಲಿ ಮೂರರಲ್ಲಿ ಎರಡು ಪಾಲು ಹಾಗೇ ಉಳಿಯಿತು, ಜೊತೆಗೆ ಚೆನ್ನಾಗಿದ್ದ ಲೋಹ ತುಕ್ಕಿಗೆ ಬಾಗಿಲು ತೆರೆಯಿತು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಆಸ್ಟೆನಿಟಿಕ್ ಬಗೆಯ ಸ್ಟೇನ್‌ಲೆಸ್ ಬಗ್ಗೆ: 304, 316, 321, 347, 310 ಮತ್ತು ಅವುಗಳ ಎಲ್ (ಇಂಗಾಲ ಕಡಿಮೆ), ಎಚ್ (ಇಂಗಾಲ ಹೆಚ್ಚು) ರೂಪಗಳು. ಕುಲುಮೆಯ ಒಳಭಾಗಗಳು, ಸೂಪರ್‌ಹೀಟರ್ ಕೊಳವೆಗಳು, ಎಕ್ಸಾಸ್ಟ್ ಮ್ಯಾನಿಫೋಲ್ಡ್, ರಿಫೈನರಿಯ ಬಿಸಿ ಪೈಪುಗಳು ಹಲವು ಸಲ ಇವುಗಳಿಂದ ಆಗುತ್ತವೆ. ಇವಕ್ಕೆ ಶಾಖೋಪಚಾರದಲ್ಲಿ ಅರ್ಧ ದಾರಿ ಎಂಬುದಿಲ್ಲ. ಪೂರ್ತಿ ಮೇಲಕ್ಕೆ ಕೊಂಡೊಯ್ದು ಬೇಗ ತಣಿಸಬೇಕು, ಇಲ್ಲವೇ ಲೆಕ್ಕ ಹಾಕಿ 900ರ ಹತ್ತಿರ ನಿಲ್ಲಿಸಬೇಕು, ಅದೂ ಆಗದಿದ್ದರೆ ವೆಲ್ಡ್ ಆದಂತೆಯೇ ಬಿಡಬೇಕು. ಕೆಳಗಿನ ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಅರ್ಧ ಶಾಖ ಏಕೆ ಕೆಲಸ ಮಾಡುವುದಿಲ್ಲ

ಬೆಸುಗೆ ಆರುವಾಗ ಕುಗ್ಗುತ್ತದೆ, ಸುತ್ತಲಿನ ತಣ್ಣನೆಯ ಲೋಹ ಅದನ್ನು ಕುಗ್ಗಲು ಬಿಡುವುದಿಲ್ಲ. ಆ ಎಳೆದಾಟ ಒಳಗೆ ಒತ್ತಡವಾಗಿ ಉಳಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಈ ಎಳೆದಾಟ ಜೋರು. ಅದರ ಉಷ್ಣ ವಿಸ್ತರಣೆ ಕಾರ್ಬನ್ ಸ್ಟೀಲ್‌ಗಿಂತ ಸುಮಾರು ಒಂದೂವರೆ ಪಟ್ಟು, ಶಾಖ ಹರಿಸುವ ಶಕ್ತಿ ಮೂರನೆಯ ಒಂದು ಪಾಲು. ಶಾಖ ಒಂದೇ ಕಡೆ ನಿಲ್ಲುತ್ತದೆ, ಆ ಜಾಗ ಹೆಚ್ಚು ಹಿಗ್ಗುತ್ತದೆ, ಹೆಚ್ಚು ಕುಗ್ಗುತ್ತದೆ.

ಈ ಒತ್ತಡ ಕಳೆಯಬೇಕಾದರೆ ಲೋಹ ಮೆತ್ತಗಾಗಿ ತುಸು ಹರಿಯಬೇಕು. ಕಾರ್ಬನ್ ಸ್ಟೀಲ್ 600ರ ಹೊತ್ತಿಗೆ ಸಾಕಷ್ಟು ಮೆತ್ತಗಾಗುತ್ತದೆ. ಆದರೆ 304 ಎಚ್ ತರಹದ ಲೋಹವನ್ನು ಕೊಳ್ಳುವುದೇ 600ರಲ್ಲಿ ಗಟ್ಟಿಯಾಗಿ ನಿಲ್ಲಲಿ ಎಂದು. ಹಾಗಾಗಿ 540ರಿಂದ 650ರವರೆಗೆ ಬಿಸಿ ಮಾಡಿದರೆ ಒತ್ತಡದಲ್ಲಿ ಸುಮಾರು 35% ಮಾತ್ರ ಇಳಿಯುತ್ತದೆ. 900ರಲ್ಲಿ ಒಂದು ಗಂಟೆ ಇಟ್ಟರೆ ಸುಮಾರು 85% ಇಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ರಸಾಯನದ್ದು. ಸುಮಾರು 425ರಿಂದ 850 ಡಿಗ್ರಿವರೆಗೆ ಲೋಹದಲ್ಲಿ ಕರಗಿದ್ದ ಇಂಗಾಲ ಹರಳುಗಳ ಗಡಿಗೆ, ಅಂದರೆ ಗ್ರೇನ್ ಬೌಂಡರಿಗೆ ಬಂದು ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಒಂದು ಕಾರ್ಬೈಡ್ ಕಣದಲ್ಲಿ 23 ಕ್ರೋಮಿಯಂ ಪರಮಾಣುಗಳಿಗೆ 6 ಇಂಗಾಲದ ಪರಮಾಣುಗಳ ಲೆಕ್ಕ. ಅಂದರೆ ಚಿಟಿಕೆ ಇಂಗಾಲವೂ ರಾಶಿ ಕ್ರೋಮಿಯಂ ನುಂಗುತ್ತದೆ. ಇಂಗಾಲ ಸಣ್ಣ ಪರಮಾಣು, ದೂರದಿಂದ ಬೇಗ ಓಡಿ ಬರುತ್ತದೆ. ಕ್ರೋಮಿಯಂ ನಿಧಾನ, ಗಡಿಯ ಪಕ್ಕದಲ್ಲಿದ್ದದ್ದು ಮಾತ್ರ ಸಿಗುತ್ತದೆ. ಪರಿಣಾಮವಾಗಿ ಗಡಿಯ ಇಕ್ಕೆಲಗಳಲ್ಲಿ ಕ್ರೋಮಿಯಂ 12%ಕ್ಕಿಂತ ಕೆಳಗಿಳಿದ ತೆಳು ಪಟ್ಟಿ ಉಳಿಯುತ್ತದೆ, ಅಲ್ಲಿ ಅದು ಸ್ಟೇನ್‌ಲೆಸ್ ಆಗಿ ಉಳಿದಿರುವುದಿಲ್ಲ. ಇದಕ್ಕೇ ಸೆನ್ಸಿಟೈಸೇಷನ್ ಎನ್ನುವುದು. 0.06ರಿಂದ 0.08% ಇಂಗಾಲವಿರುವ 304ಕ್ಕೆ 700ರ ಆಸುಪಾಸಿನಲ್ಲಿ ಕೆಲವೇ ನಿಮಿಷ ಸಾಕು. 0.03% ಮೀರದ 304 ಎಲ್‌ಗೆ ಅದೇ ಹಾನಿಯಾಗಲು ಗಂಟೆಗಟ್ಟಲೆ ಬೇಕು.

620 ಡಿಗ್ರಿಯ ‘ಸ್ಟ್ರೆಸ್ ರಿಲೀಫ್’ ಎಂದರೆ ಇಡೀ ಪಾತ್ರೆಯನ್ನು ಈ ವಲಯದ ನಟ್ಟನಡುವೆ ಗಂಟೆಗಟ್ಟಲೆ ಕೂರಿಸುವುದು. ವೆಲ್ಡಿಂಗ್ ಒಂದೇ ಆಗಿದ್ದರೆ ಹಾನಿ ಬೀಡ್‌ನ, ಅಂದರೆ ಬೆಸುಗೆಯ ಗೆರೆಯ, ಪಕ್ಕದ ಕೆಲವು ಮಿ.ಮೀ. ಪಟ್ಟಿಗೆ ಸೀಮಿತವಾಗಿರುತ್ತಿತ್ತು.

ಹೇಗೂ ಬಿಸಿಯಲ್ಲೇ ಓಡುವ ಭಾಗಕ್ಕೆ ಶಾಖ ಯಾಕೆ?

ಭಾಗ 650ರಲ್ಲಿ ವರ್ಷಗಟ್ಟಲೆ ಓಡುವುದಾದರೆ ಸೇವೆಯೇ, ಅಂದರೆ ಕೆಲಸ ಮಾಡುವಾಗಿನ ಬಿಸಿಯೇ, ಅದನ್ನು ಸೆನ್ಸಿಟೈಸ್ ಮಾಡುತ್ತದೆ. ಇಷ್ಟು ಕಾಲದಲ್ಲಿ ಎಲ್ ದರ್ಜೆಯೂ ತಪ್ಪಿಸಿಕೊಳ್ಳುವುದಿಲ್ಲ. ಹಾಗಿರುವಾಗ ಮೊದಲೇ ಕಾರ್ಬೈಡ್ ಕರಗಿಸಿ ಕಳಿಸಿದರೆ ತುಕ್ಕಿನ ದೃಷ್ಟಿಯಿಂದ ಬಂದ ಲಾಭ ಕೆಲವು ದಿನಗಳಲ್ಲೇ ಮಾಯ. ಒಣ ಬಿಸಿ ಅನಿಲದಲ್ಲಿ ಈ ಕಾರ್ಬೈಡ್ ದೊಡ್ಡ ತಂಟೆ ಮಾಡುವುದೂ ಇಲ್ಲ. ಅದಕ್ಕೆ ನೀರು ಬೇಕು, ನೀರಿರುವುದು ಘಟಕ ನಿಂತು ತಣ್ಣಗಾದಾಗ.

ಬಿಸಿ ಸೇವೆಗೆ ಎಲ್ ದರ್ಜೆಯನ್ನು ‘ಸುರಕ್ಷಿತ’ ಎಂದು ಆರಿಸುವುದೂ ಇದೇ ಕಾರಣಕ್ಕೆ ತಲೆಕೆಳಗಿನ ಯೋಚನೆ. 525 ದಾಟಿದ ಮೇಲೆ ಕ್ರೀಪ್, ಅಂದರೆ ಭಾರ ಹೊತ್ತ ಲೋಹ ನಿಧಾನವಾಗಿ ಎಳೆದುಕೊಳ್ಳುವುದು, ವಿನ್ಯಾಸವನ್ನು ಆಳುತ್ತದೆ. ಅದನ್ನು ತಡೆಯಲು ಇಂಗಾಲ ಬೇಕು. 304 ಎಚ್‌ನಲ್ಲಿ 0.04ರಿಂದ 0.10% ಇಂಗಾಲವಿರಲೇಬೇಕು ಎಂಬ ಕಟ್ಟಳೆ ಇರುವುದು ಅದಕ್ಕೆ. ದರ್ಜೆ ಎಚ್ ಆಗಲು ಕನಿಷ್ಠ 1040 ಡಿಗ್ರಿಯ ಸಲ್ಯೂಷನ್ ಅನೀಲಿಂಗ್ (ಕಾರ್ಬೈಡ್ ಕರಗುವಷ್ಟು ಬಿಸಿ ಮಾಡಿ ಬೇಗ ತಣಿಸುವುದು) ಮತ್ತು ಸಾಕಷ್ಟು ದಪ್ಪ ಹರಳು ಕೂಡ ಬೇಕು. ಸಣ್ಣ ಹರಳಿನ ಲೋಹ ಕೋಣೆಯ ತಾಪದಲ್ಲಿ ಗಟ್ಟಿ, 650ರಲ್ಲಿ ಸೋಲುತ್ತದೆ.

ಹಾಗಾದರೆ ಶಾಖ ಕೊಡಲು ನಿಜವಾದ ಕಾರಣಗಳೇನು? ದಪ್ಪ, ಬಿಗಿಯಾಗಿ ಹಿಡಿದ ಜೋಡಣೆಯಲ್ಲಿ ಸೇವೆಯ ವೇಳೆ ಬಿರುಕು ಬಿಡುವುದನ್ನು ತಪ್ಪಿಸುವುದು. ಘಟಕ ನಿಂತಾಗ ಬರುವ ಆಮ್ಲದ ತುಕ್ಕಿಗೆ ತಡೆ. ತಣ್ಣಗೆ ಬಾಗಿಸಿದ ಭಾಗ ಕ್ರೀಪ್‌ನಲ್ಲಿ ಬೇಗ ಒಡೆಯದಂತೆ ನೋಡಿಕೊಳ್ಳುವುದು. ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಬಿಡುವುದೇ ಲೇಸು. ಒತ್ತಡದ ಪಾತ್ರೆಗಳ ಅಮೆರಿಕನ್ ಸಂಹಿತೆಯಾದ ಎಎಸ್‌ಎಂಇ ಸೆಕ್ಷನ್ 8 ಕೂಡ ಈ ದರ್ಜೆಗಳಿಗೆ ವೆಲ್ಡಿಂಗ್ ನಂತರದ ಶಾಖವನ್ನು ಕಡ್ಡಾಯ ಮಾಡಿಲ್ಲ, ನಿಷೇಧಿಸಿಯೂ ಇಲ್ಲ. ತೀರ್ಮಾನ ವಿನ್ಯಾಸಕಾರನ ತಲೆಯ ಮೇಲಿದೆ.

ತಣ್ಣಗೆ ಬಾಗಿಸುವುದರ ಲೆಕ್ಕ ಸರಳ. ಕೊಳವೆಯ ಹೊರ ತ್ರಿಜ್ಯವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೊರ ಅಂಚಿನ ಹಿಗ್ಗುವಿಕೆ ಸಿಗುತ್ತದೆ. 50 ಮಿ.ಮೀ. ಕೊಳವೆಯನ್ನು 150 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ 25/150, ಸುಮಾರು 16.7%. ಬಾಯ್ಲರ್ ಸಂಹಿತೆಯಲ್ಲಿ 304 ಎಚ್ ಕೊಳವೆಗೆ 675 ಮೀರಿದ ಸೇವೆಯಲ್ಲಿ ಮಿತಿ 10%. ಆ ಬಾಗಿಗೆ ಅನೀಲಿಂಗ್ ತಪ್ಪದು.

ಪೂರ್ತಿ ದಾರಿ: ಸಲ್ಯೂಷನ್ ಅನೀಲಿಂಗ್

1040ರಿಂದ 1120ರವರೆಗೆ ಬಿಸಿ ಮಾಡಿ, ಕಾರ್ಬೈಡ್ ಪೂರ್ತಿ ಕರಗಿದ ಮೇಲೆ ನೀರಿಗೆ ಇಳಿಸುವುದು. ಹೇಳಲು ಒಂದು ಸಾಲು, ಮಾಡುವಾಗ ಎಡವುವ ಜಾಗಗಳು ಹಲವು.

ಮೊದಲನೆಯದು ಶುಚಿ, ಮತ್ತು ಅತಿ ಹೆಚ್ಚು ಭಾಗಗಳು ಹಾಳಾಗುವುದು ಇಲ್ಲೇ. ಕಟಿಂಗ್ ಆಯಿಲ್, ಗ್ರೀಸ್, ಮಾರ್ಕರ್ ಪೆನ್ನಿನ ಬರಹ, ಸ್ಟಿಕ್ಕರ್‌ನ ಅಂಟು, ಬೆರಳ ಗುರುತು ಎಲ್ಲವನ್ನೂ ಅಸಿಟೋನ್‌ನಿಂದ ಒರೆಸಿ ತೆಗೆಯಬೇಕು. ಎಣ್ಣೆ ಉಳಿದರೆ ಅದರ ಇಂಗಾಲ ಲೋಹದೊಳಗೆ ಇಳಿಯುತ್ತದೆ. ಗಂಧಕವಿದ್ದರೆ ನಿಕ್ಕಲ್ ಜೊತೆ ಸೇರಿ ಬೇಗ ಕರಗುವ ಮಿಶ್ರಣವಾಗಿ ಗಡಿಗಳನ್ನು ಕಚ್ಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸತು. ಗ್ಯಾಲ್ವನೈಸ್ ಮಾಡಿದ ಕ್ಲಾಂಪ್ ಉಜ್ಜಿದ ಗೆರೆ, ಸತುವಿನ ಪ್ರೈಮರ್ ಬಳಿದ ಕಾರ್ಬನ್ ಸ್ಟೀಲ್ ಆಧಾರದಿಂದ ಬಿದ್ದ ಹನಿ, ಇಷ್ಟೇ ಸಾಕು. ಸತು 420ರಲ್ಲೇ ಕರಗುತ್ತದೆ, ಬಿಸಿ ಏರಿದಂತೆ ದ್ರವವಾಗಿ ಹರಳುಗಳ ನಡುವೆ ನುಗ್ಗುತ್ತದೆ, ಒತ್ತಡವಿದ್ದ ಕಡೆ ತಟ್ಟನೆ ಬಿರುಕು. ತಾಮ್ರವೂ ಹಾಗೆಯೇ, ಅದು 1085ರಲ್ಲಿ ಕರಗುತ್ತದೆ. ತಾಮ್ರದ ಬ್ಯಾಕಿಂಗ್ ಪಟ್ಟಿ ಉಜ್ಜಿದ ಕಡೆ ಹೊಳೆಯುವ ಕೆಂಪು ಗೆರೆ ಕಂಡರೆ ಗ್ರೈಂಡ್ ಮಾಡಿಯೇ ಕುಲುಮೆಗೆ ಹಾಕಬೇಕು. ತಾಪ ನೋಡುವ ಬಣ್ಣದ ಕಡ್ಡಿಗಳೂ ಕ್ಲೋರಿನ್, ಗಂಧಕ, ಸೀಸ ಇಲ್ಲದವೇ ಆಗಿರಬೇಕು.

ಎರಡನೆಯದು ಆಧಾರ. 1050ರಲ್ಲಿ ಸ್ಟೇನ್‌ಲೆಸ್ ತನ್ನ ಭಾರಕ್ಕೇ ಜೋಲುತ್ತದೆ. ಉದ್ದನೆಯ ಪೈಪನ್ನು ಎರಡೇ ಕಡೆ ಹೊರಿಸಿದರೆ ಹೊರಗೆ ಬರುವುದು ಬಾಳೆಹಣ್ಣಿನ ಆಕಾರ. ಆಧಾರಗಳು ಹತ್ತಿರ ಹತ್ತಿರ ಇರಬೇಕು, ಆದರೆ ಭಾಗ ಹಿಗ್ಗಲು ಜಾಗವೂ ಬೇಕು. ಮೀಟರಿಗೆ ಸುಮಾರು 18–19 ಮಿ.ಮೀ. ಉದ್ದ ಹೆಚ್ಚುತ್ತದೆ. ಸುತ್ತ ಮುಚ್ಚಿದ ಟೊಳ್ಳು ಭಾಗಕ್ಕೆ ಗಾಳಿರಂಧ್ರ ಕೊರೆಯದೆ ಬಿಸಿ ಮಾಡಿದರೆ ಅದು ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಫ್ಲೇಂಜ್‌ನ ಮುಖ, ಬೇರಿಂಗ್ ಕೂರುವ ಜಾಗ ಮುಂತಾದವಕ್ಕೆ ಮೆಷಿನಿಂಗ್ ಅಲವೆನ್ಸ್ ಬಿಟ್ಟು, ಅಂತಿಮ ಅಳತೆ ಶಾಖದ ನಂತರವೇ ತೆಗೆಯಬೇಕು.

ತಾಪ ಅಳೆಯುವ ಥರ್ಮೋಕಪಲ್ ಭಾಗದ ಮೇಲೆಯೇ ಇರಬೇಕು, ಅದೂ ಅತಿ ದಪ್ಪ ಮತ್ತು ಅತಿ ತೆಳು ಜಾಗಗಳಲ್ಲಿ. ಕುಲುಮೆಯ ಗೋಡೆಯ ಮೀಟರ್ 1060 ತೋರಿಸುತ್ತಿರುವಾಗ 40 ಮಿ.ಮೀ. ಫ್ಲೇಂಜ್‌ನ ಹೃದಯ ಇನ್ನೂ 900ರಲ್ಲಿರಬಹುದು. ಸಮಯದ ಎಣಿಕೆ ದಪ್ಪ ಜಾಗ ಗುರಿ ತಲುಪಿದ ಮೇಲೆ ಶುರು, 25 ಮಿ.ಮೀ.ಗೆ ಒಂದು ಗಂಟೆ ಎಂಬುದು ಚಾಲ್ತಿಯ ಲೆಕ್ಕ, ತೆಳು ಹಾಳೆಗೆ ಕೆಲವು ನಿಮಿಷ ಸಾಕು. ಕುಲುಮೆಯ ಗಾಳಿ ತುಸು ಆಮ್ಲಜನಕ ಹೆಚ್ಚಿರುವಂತೆ ಇರಲಿ. ಹೊಗೆಯಾಡುವ ಜ್ವಾಲೆ ಇಂಗಾಲ ಕೂಡಿಸುತ್ತದೆ, ಮತ್ತು ಜ್ವಾಲೆ ನೇರ ಲೋಹಕ್ಕೆ ತಾಗಲೇಬಾರದು.

ನಂತರ ತಣಿಸುವುದು. 900ರಿಂದ 540ರ ಕೆಳಕ್ಕೆ ಮೂರು ನಿಮಿಷದೊಳಗೆ ಬರಬೇಕು. ದಪ್ಪ ಭಾಗಕ್ಕೆ ನೀರೇ ಗತಿ, ಎರಡು ಮಿ.ಮೀ. ಹಾಳೆಗೆ ಜೋರು ಗಾಳಿ ಸಾಕಾಗುತ್ತದೆ. ಕುಲುಮೆಯ ಬಾಗಿಲು ತೆರೆದ ಮೇಲೆ ಕ್ರೇನ್ ಹುಡುಕುತ್ತ ಎರಡು ನಿಮಿಷ ಕಳೆದರೆ ಅಂಚುಗಳು ಆಗಲೇ ವಲಯದೊಳಗೆ ಇಳಿದಿರುತ್ತವೆ. ಹಾಗಾಗಿ ಬಿಸಿ ಮಾಡುವ ಮೊದಲೇ, ತಣ್ಣನೆಯ ಭಾಗವನ್ನೇ ಕುಲುಮೆಯಿಂದ ತೊಟ್ಟಿಗೆ ಒಮ್ಮೆ ಎತ್ತಿ ಇಳಿಸಿ ನೋಡುವುದು ಒಳ್ಳೆಯದು. ನೀರಿನಲ್ಲಿ ಮುಳುಗಿಸುವಾಗ ಪೈಪನ್ನು ಉದ್ದಕ್ಕೆ ನಿಲ್ಲಿಸಿ ಇಳಿಸಿದರೆ ಒಳಗಿನ ಹವೆ ಮೇಲಿನಿಂದ ಹೋಗುತ್ತದೆ, ಬಾಗುವುದೂ ಕಡಿಮೆ.

ಹೊರಬಂದ ಭಾಗ ಕಪ್ಪು ಪದರ ಹೊದ್ದಿರುತ್ತದೆ. ಅದರ ಕೆಳಗೆ ಕ್ರೋಮಿಯಂ ಕಡಿಮೆಯಾದ ತೆಳು ಚರ್ಮವಿರುವುದರಿಂದ ಬರಿ ಉಜ್ಜಿ ಹೊಳಪು ತಂದರೆ ಸಾಲದು. 15ರಿಂದ 25% ನೈಟ್ರಿಕ್ ಆಮ್ಲಕ್ಕೆ ಸ್ವಲ್ಪ ಹೈಡ್ರೋಫ್ಲೋರಿಕ್ ಆಮ್ಲ ಸೇರಿಸಿದ ದ್ರಾವಣದಲ್ಲಿ ಅದ್ದಿ ಎರಡನ್ನೂ ತೆಗೆಯುತ್ತಾರೆ, ಇದೇ ಪಿಕ್ಲಿಂಗ್. ಹೈಡ್ರೋಫ್ಲೋರಿಕ್ ಚರ್ಮ ದಾಟಿ ಮೂಳೆಯವರೆಗೆ ಇಳಿಯುವ ಆಮ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿಲ್ಲದೆ ಆ ತೊಟ್ಟಿಯ ಹತ್ತಿರ ಹೋಗಬಾರದು. ಇನ್ನು ಸೆನ್ಸಿಟೈಸ್ ಆದ ಭಾಗವನ್ನು ಈ ದ್ರಾವಣಕ್ಕೆ ಹಾಕಿದರೆ ಅದು ಗಡಿಗಳನ್ನೇ ತಿಂದು ಹಾಕುತ್ತದೆ. ತಣಿಸುವುದು ನಿಧಾನವಾಗಿತ್ತು ಎಂಬ ಗುಟ್ಟು ಹಲವು ಸಲ ಬಯಲಾಗುವುದು ಪಿಕ್ಲಿಂಗ್ ತೊಟ್ಟಿಯಲ್ಲೇ.

ಪೈಪ್‌ಲೈನಿನ ಒಂದೇ ಬೆಸುಗೆ ಜೋಡಣೆಗೆ ಹೀಟಿಂಗ್ ಪ್ಯಾಡ್ ಸುತ್ತಿ 1050ಕ್ಕೆ ಏರಿಸಿದರೆ ಸಾಲದೇ? ಪ್ಯಾಡ್‌ನ ನಡುವೆ 1050 ಇದ್ದರೆ, ಅದರಾಚೆ ಎರಡೂ ಬದಿ ಎಲ್ಲೋ ಒಂದು ಕಡೆ 700 ಇರಲೇಬೇಕು. ಅಲ್ಲಿ ಹೊಸದಾಗಿ ಎರಡು ಸೆನ್ಸಿಟೈಸ್ ಪಟ್ಟಿಗಳು ಹುಟ್ಟುತ್ತವೆ, ಜೊತೆಗೆ ಹೊಸ ಒತ್ತಡವೂ. ಬೀಡ್ ಪಕ್ಕದ ತೊಂದರೆಯನ್ನು ಒಂದಡಿ ಆಚೆಗೆ ಸರಿಸಿದಂತಾಯಿತು, ಅಷ್ಟೇ. ಸಾಮಾನ್ಯ 304ಕ್ಕೆ ಇದನ್ನು ಮಾಡದಿರುವುದೇ ಸರಿ.

900ರ ದಾರಿ: 321 ಮತ್ತು 347

ಈ ಎರಡರಲ್ಲಿ ಇಂಗಾಲವನ್ನು ಕಟ್ಟಿಹಾಕಲು ಬೇರೆ ಧಾತು ಬೆರೆಸಿರುತ್ತಾರೆ. 321ರಲ್ಲಿ ಟೈಟಾನಿಯಂ, ಇಂಗಾಲ ಮತ್ತು ಸಾರಜನಕ ಕೂಡಿಸಿದ್ದರ ಕನಿಷ್ಠ 5 ಪಟ್ಟು. 347ರಲ್ಲಿ ನಯೋಬಿಯಂ, ಇಂಗಾಲದ ಕನಿಷ್ಠ 10 ಪಟ್ಟು. ಟೈಟಾನಿಯಂ ಆರ್ಕ್ ದಾಟುವಾಗ ಬಹುಪಾಲು ಉರಿದು ಹೋಗುವುದರಿಂದ 321 ಲೋಹವನ್ನೂ 347 ಫಿಲ್ಲರ್‌ನಿಂದಲೇ (ಬೆಸುಗೆಗೆ ತುಂಬುವ ಲೋಹ) ಬೆಸೆಯುತ್ತಾರೆ.

ಬೀಡ್‌ಗೆ ಅಂಟಿಕೊಂಡ ಕೂದಲೆಳೆಯಷ್ಟು ಪಟ್ಟಿಯಲ್ಲಿ ತಾಪ 1200 ದಾಟಿ ಟೈಟಾನಿಯಂ, ನಯೋಬಿಯಂ ಕಾರ್ಬೈಡ್‌ಗಳೂ ಕರಗಿಬಿಡುತ್ತವೆ. ಬೇಗ ಆರಿದ ಮೇಲೆ ಇಂಗಾಲ ಬಿಡಿಯಾಗಿ ಉಳಿಯುತ್ತದೆ. ಮುಂದೆ 600–700ರ ಸೇವೆಯಲ್ಲಿ ಅದು ಹತ್ತಿರ ಸಿಕ್ಕ ಕ್ರೋಮಿಯಂ ಜೊತೆ ಕೂಡುತ್ತದೆ, ತುಕ್ಕು ಚಾಕುವಿನಿಂದ ಗೀರಿದಂತೆ ಬೀಡ್‌ನ ಅಂಚಿನಲ್ಲೇ ಇಳಿಯುತ್ತದೆ. ಇದಕ್ಕೆ ಮದ್ದು ಸ್ಟೆಬಿಲೈಸಿಂಗ್: 870ರಿಂದ 900ರಲ್ಲಿ ಎರಡರಿಂದ ನಾಲ್ಕು ಗಂಟೆ. ಆ ತಾಪದಲ್ಲಿ ಕ್ರೋಮಿಯಂ ಕಾರ್ಬೈಡ್ ನಿಲ್ಲಲಾರದು, ಆದರೆ ನಯೋಬಿಯಂ ಮತ್ತು ಟೈಟಾನಿಯಂ ಕಾರ್ಬೈಡ್ ಬೆಳೆಯುತ್ತವೆ. ಇಂಗಾಲ ಖಾಲಿಯಾದ ಮೇಲೆ ಗಾಳಿಯಲ್ಲಿ ಆರಿಸಿದರೂ ತೊಂದರೆಯಿಲ್ಲ. ಒತ್ತಡವೂ ಬಹುಪಾಲು ಇಳಿದಿರುತ್ತದೆ.

ಆದರೆ 347ಕ್ಕೆ ಒಂದು ಕೆಟ್ಟ ಚಾಳಿಯಿದೆ: ಬಿಸಿ ಏರುವಾಗಲೇ ಬಿರುಕು ಬಿಡುವುದು. 550ರಿಂದ 750ರ ನಡುವೆ ಹರಳುಗಳ ಒಳಗೆ ಅತಿ ಸಣ್ಣ ನಯೋಬಿಯಂ ಕಾರ್ಬೈಡ್ ಕಣಗಳು ಹುಟ್ಟಿ ಹರಳನ್ನು ಬಿಗಿಗೊಳಿಸುತ್ತವೆ. ಒತ್ತಡ ಇಳಿಯಲು ಲೋಹ ಎಲ್ಲಾದರೂ ಹರಿಯಲೇಬೇಕಲ್ಲ. ಹರಳು ಹರಿಯದಿದ್ದರೆ ಹೊರೆಯೆಲ್ಲ ಗಡಿಗಳ ಮೇಲೆ ಬಿದ್ದು ಅವು ಬಿಡಿಸಿಕೊಳ್ಳುತ್ತವೆ. ದಪ್ಪ 20 ಮಿ.ಮೀ. ಆಸುಪಾಸು ದಾಟಿದ, ನಾಜಲ್ (ಪಾತ್ರೆಗೆ ಪೈಪ್ ಕೂಡುವ ಬಾಯಿ) ತರಹ ಬಿಗಿಯಾಗಿ ಹಿಡಿದ ಜೋಡಣೆಗಳಲ್ಲಿ ಅಪಾಯ ಹೆಚ್ಚು. ಶಾಖ ಕೊಡದೇ ಬಿಟ್ಟರೆ ಇದೇ ಬಿರುಕು ಅದೇ ತಾಪದ ಸೇವೆಯಲ್ಲಿ, ಹಲವು ಸಲ ಮೊದಲ ಒಂದೆರಡು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. 316 ಎಚ್‌ನಲ್ಲಿ ಈ ತೊಂದರೆ ಕಡಿಮೆ, 304 ಎಚ್ ನಡುವೆ ಎಲ್ಲೋ ನಿಲ್ಲುತ್ತದೆ. ದಪ್ಪ 347 ಜೋಡಣೆಗೆ ಶಾಖ ಕೊಡುವ ಮೊದಲು ಬೀಡ್‌ನ ತುದಿಯನ್ನು ಮೂಲ ಲೋಹಕ್ಕೆ ನುಣ್ಣಗೆ ಗ್ರೈಂಡ್ ಮಾಡಬೇಕು, ಅಂಡರ್‌ಕಟ್ (ಬೀಡ್ ಅಂಚಿನ ಗುಳಿ) ಒಂದನ್ನೂ ಬಿಡಬಾರದು, ಬಣ್ಣ ಹಚ್ಚಿ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆಯನ್ನು ಶಾಖದ ಮೊದಲೂ ನಂತರವೂ ಮಾಡಬೇಕು. ಅಪಾಯದ ವಲಯವನ್ನು ಭಾಗ ಸಮವಾಗಿ ಬಿಸಿಯಾಗುವಷ್ಟು ಬೇಗ ದಾಟಿಸಬೇಕು. ಒಂದೇ ಬದಿ ಬೇಗ ಏರಿಸಿದರೆ ಹೊಸ ಒತ್ತಡ ತಂದುಕೊಂಡಂತೆ.

ಫಿಲ್ಲರ್ ಮತ್ತು ಸಿಗ್ಮಾ

ಬೆಸುಗೆ ಲೋಹದಲ್ಲಿ ಬೇಕೆಂದೇ ಸ್ವಲ್ಪ ಫೆರೈಟ್ (ಆಸ್ಟೆನೈಟ್‌ಗಿಂತ ಬೇರೆಯಾದ ಇನ್ನೊಂದು ಹರಳು ರೂಪ) ಇಡುತ್ತಾರೆ, ಇಲ್ಲದಿದ್ದರೆ ಆರುವಾಗಲೇ ಬಿರುಕು. ಆದರೆ 600ರಿಂದ 900ರಲ್ಲಿ ಈ ಫೆರೈಟ್ ಸಿಗ್ಮಾ ಎಂಬ ಗಡುಸು, ಗಾಜಿನಂತೆ ಒಡೆಯುವ ಹಂತಕ್ಕೆ ತಿರುಗುತ್ತದೆ. ಬಿಸಿಯಲ್ಲಿ ಓಡುವಾಗ ಗೊತ್ತಾಗುವುದಿಲ್ಲ. ತಣ್ಣಗಾದಾಗ ಸುತ್ತಿಗೆಯ ಏಟಿಗೆ ಬೀಡ್ ಒಡೆಯುತ್ತದೆ. ಆದ್ದರಿಂದ ಬಿಸಿ ಸೇವೆಗೆ ಫೆರೈಟ್ ಸಂಖ್ಯೆ (ಮೀಟರ್ ತೋರಿಸುವ ಅದರ ಪ್ರಮಾಣ) 3ರಿಂದ 8ರೊಳಗೆ ಹಿಡಿಯುವುದು ರೂಢಿ. 16-8-2 ಫಿಲ್ಲರ್ ಇನ್ನೂ ಕಡಿಮೆ ಕೊಡುತ್ತದೆ, 304 ಎಚ್ ಮತ್ತು 316 ಎಚ್‌ಗೆ ಚೆನ್ನಾಗಿ ಹೊಂದುತ್ತದೆ.

ಫೆರೈಟ್ ಕಾಂತಕ್ಕೆ ಅಂಟುತ್ತದೆ, ಸಿಗ್ಮಾ ಅಂಟುವುದಿಲ್ಲ. 900ರ ಶಾಖದ ಮೊದಲು ಫೆರೈಟ್ ಮೀಟರ್ 8 ತೋರಿಸಿ, ನಂತರ 2 ತೋರಿಸಿದರೆ ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳಬೇಕು. 1050ರಿಂದ ನೀರಿಗೆ ಇಳಿಸಿದ ಭಾಗದಲ್ಲಿ ಹಾಗೆ ಇಳಿದಿದ್ದರೆ ಹೆದರಬೇಕಿಲ್ಲ, ಅಲ್ಲಿ ಫೆರೈಟ್ ಈ ಸ್ಟೀಲಿನ ಮುಖ್ಯ ಹರಳು ರೂಪವಾದ ಆಸ್ಟೆನೈಟ್ ಆಗಿ ಕರಗಿರುತ್ತದೆ. ಹಾಗಾಗಿ ಶಾಖದ ಚಾರ್ಟ್ ಪಕ್ಕದಲ್ಲಿಲ್ಲದೆ ಬರಿ ಮೀಟರ್ ನೋಡಿ ತೀರ್ಪು ಕೊಡಲಾಗದು.

ಕಾರ್ಬೈಡ್ ಕುಳಿತಿದೆಯೇ ಎಂದು ನೋಡಲು ಎಎಸ್‌ಟಿಎಂ ಎ262 ಮಾನಕದ ಆಕ್ಸಾಲಿಕ್ ಎಚಿಂಗ್ (ಆಮ್ಲದಿಂದ ಮೇಲ್ಮೈ ಕೊರೆಸಿ ನೋಡುವುದು) ಬೇಗ ಆಗುವ ಪರೀಕ್ಷೆ: 10% ಆಕ್ಸಾಲಿಕ್ ಆಮ್ಲ, ಚದರ ಸೆಂ.ಮೀ.ಗೆ 1 ಆಂಪಿಯರ್, ಒಂದೂವರೆ ನಿಮಿಷ. ಸೂಕ್ಷ್ಮದರ್ಶಕದಲ್ಲಿ ಹರಳುಗಳ ನಡುವೆ ಮೆಟ್ಟಿಲಿನಂತೆ ಕಂಡರೆ ಪಾಸ್. ಹರಳಿನ ಸುತ್ತ ಕಾಲುವೆ ತೋಡಿದಂತಿದ್ದರೆ ಅಲ್ಲಿಗೇ ನಿಲ್ಲದೆ ತಾಮ್ರದ ಸಲ್ಫೇಟ್ ಮತ್ತು ಗಂಧಕಾಮ್ಲದಲ್ಲಿ 15 ಗಂಟೆ ಕುದಿಸಿ ಬಾಗಿಸುವ ಪರೀಕ್ಷೆಗೆ ಕಳಿಸಬೇಕು.

ಬೇರೆ ಲೋಹಕ್ಕೆ ಬೆಸೆದಾಗ

2.25% ಕ್ರೋಮಿಯಂ, 1% ಮಾಲಿಬ್ಡಿನಂ ಇರುವ ಪೈಪಿಗೆ 304 ಎಚ್ ಬೆಸೆಯಬೇಕು ಎನ್ನೋಣ. ಮೊದಲ ಲೋಹಕ್ಕೆ 700ರ ಸುತ್ತಮುತ್ತ ಶಾಖ ಬೇಕೇ ಬೇಕು, ಎರಡನೆಯದಕ್ಕೆ ಅದು ಕೂಡದು. ದಾರಿ ಇಷ್ಟು: ಕಡಿಮೆ ಕ್ರೋಮಿಯಂ ಪೈಪಿನ ತುದಿಗೆ ಮೊದಲು ನಿಕ್ಕಲ್ ಮಿಶ್ರಲೋಹದ ಫಿಲ್ಲರ್‌ನಿಂದ ಕೆಲವು ಪದರ ಬೆಸುಗೆ ಹಚ್ಚುವುದು, ಅದಕ್ಕೆ ಶಾಖ ಕೊಟ್ಟು ಮುಗಿಸುವುದು, ಆಮೇಲೆ ಆ ನಿಕ್ಕಲ್ ಪದರಕ್ಕೆ ಸ್ಟೇನ್‌ಲೆಸ್ ಬೆಸೆದು ಹಾಗೇ ಬಿಡುವುದು. ನಿಕ್ಕಲ್ ಇಂಗಾಲದ ವಲಸೆಯನ್ನೂ ನಿಧಾನಿಸುತ್ತದೆ, ಅದರ ಹಿಗ್ಗುವಿಕೆಯೂ ಎರಡು ಲೋಹಗಳ ನಡುವೆ ಬೀಳುತ್ತದೆ. ಬೆಸೆದ ಮೇಲೆ ಇಡೀ ಜೋಡಣೆಗೆ ಶಾಖ ಕೊಟ್ಟು ಒತ್ತಡ ಕಳೆಯುತ್ತೇವೆ ಎಂಬುದು ಭ್ರಮೆ: 700ರಲ್ಲಿ ಒತ್ತಡ ಸೊನ್ನೆಗೆ ಬಂದರೂ, ಆರುವಾಗ ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಅದನ್ನು ಮತ್ತೆ ತಂದಿಡುತ್ತವೆ.

410 ತರಹದ ಮಾರ್ಟೆನ್ಸಿಟಿಕ್ (ತಣಿದಾಗ ಗಡುಸಾಗುವ) ಸ್ಟೇನ್‌ಲೆಸ್‌ಗೆ ಮೇಲಿನ ಯಾವ ಮಾತೂ ಹೊಂದುವುದಿಲ್ಲ. ಅದಕ್ಕೆ ಬೆಸೆಯುವ ಮೊದಲೇ 200ರಿಂದ 300ರ ಪ್ರಿಹೀಟ್ ಬೇಕು, ಬೆಸೆದ ಮೇಲೆ 100ರ ಕೆಳಗೆ ಆರಲು ಬಿಟ್ಟು, ತಡಮಾಡದೆ 700–760ರಲ್ಲಿ ಟೆಂಪರ್ ಮಾಡಬೇಕು, ಅಂದರೆ ಮತ್ತೆ ಕಾಸಿ ಗಡುಸು ಇಳಿಸಬೇಕು.

ಘಟಕ ನಿಂತಾಗ, ರಿಪೇರಿಗೆ ಬಂದಾಗ

ರಿಫೈನರಿಯ ಬಿಸಿ ಪೈಪಿನೊಳಗೆ ಗಂಧಕದಿಂದ ಕಬ್ಬಿಣದ ಸಲ್ಫೈಡ್ ಪದರ ಬೆಳೆದಿರುತ್ತದೆ. ಘಟಕ ನಿಲ್ಲಿಸಿ ಮುಚ್ಚಳ ತೆರೆದಾಗ ಗಾಳಿ, ತೇವ ಸೇರಿ ಪಾಲಿಥಯೋನಿಕ್ ಆಮ್ಲವಾಗುತ್ತದೆ, ಸೆನ್ಸಿಟೈಸ್ ಆದ ಗಡಿಗಳ ಗುಂಟ ಬೀಡ್ ಪಕ್ಕದಲ್ಲಿ ಬಿರುಕು ಓಡುತ್ತದೆ. ಸ್ಟೆಬಿಲೈಸ್ ಮಾಡಿದ 347 ಇಲ್ಲಿ ತಾಳಿಕೊಳ್ಳುತ್ತದೆ. ಉಳಿದವಕ್ಕೆ ತೆರೆಯುವ ಮೊದಲೇ ಸುಮಾರು 2% ಸೋಡಾ ಬೂದಿಯ ದ್ರಾವಣ ತುಂಬಿ ತೊಳೆಯಬೇಕು, ತೊಳೆದ ಮೇಲೆ ನೀರಿನಿಂದ ಜಾಲಿಸದೆ ಕ್ಷಾರದ ತೆಳು ಪದರವನ್ನು ಹಾಗೇ ಒಣಗಲು ಬಿಡಬೇಕು. ಇಲ್ಲವೇ ನೈಟ್ರೋಜನ್ ತುಂಬಿ ಗಾಳಿ ಬರದಂತೆ ಮುಚ್ಚಿಡಬೇಕು. ದ್ರಾವಣಕ್ಕೆ ಬಳಸುವ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಒಂದು ಬಿರುಕಿನ ಬದಲು ಇನ್ನೊಂದು ಬಗೆಯ ಬಿರುಕು ಕೊಂಡಂತೆ.

ವರ್ಷಗಟ್ಟಲೆ ಬಿಸಿಯಲ್ಲಿ ಓಡಿದ 310 ಭಾಗವನ್ನು ಹಾಗೇ ರಿಪೇರಿ ವೆಲ್ಡ್ ಮಾಡಿದರೆ ಬೀಡ್ ಹಾಕುತ್ತಿದ್ದಂತೆ ಪಕ್ಕದಲ್ಲೇ ಟಿಕ್ ಎಂದು ಬಿರುಕು ಬಿಡುವುದುಂಟು. ಒಳಗೆಲ್ಲ ಸಿಗ್ಮಾ ತುಂಬಿ, ಬೆಸುಗೆಯ ಎಳೆತ ತಾಳುವ ಮೆದುತನ ಉಳಿದಿರುವುದಿಲ್ಲ. ಭಾಗವನ್ನು ಕಳಚಿ ಕುಲುಮೆಗೆ ಹಾಕಲು ಆಗುವಂತಿದ್ದರೆ ಮೊದಲು 1040 ಮೀರಿಸಿ ಸಿಗ್ಮಾ ಕರಗಿಸಿ, ನೀರಲ್ಲಿ ತಣಿಸಿ, ಆಮೇಲೆ ಬೆಸೆಯಬೇಕು. ಕಳಚಲಾಗದಿದ್ದರೆ ತುಂಡಿನ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ವೈಸ್‌ನಲ್ಲಿ ಬಾಗಿಸಿ ನೋಡಿ: ಬಾಗಿದರೆ ಬೆಸೆಯಬಹುದು, ಮುರಿದರೆ ಆ ತುಂಡನ್ನೇ ತೆಗೆದು ಹೊಸದು ಹಾಕಿ.